ಕಂಪೌಂಡರ್ ದಾವೀದಪ್ಪನ ಹೊಟ್ಟೆನೋವು

ಗಜೇಂದ್ರಗಡದ ಮಿಶನ್ ದವಾಖಾನೆಯ ಕಂಪೌಂಡರ್ ದಾವೀದಪ್ಪನಿಗೆ ವರ್ಷಕ್ಕೆ ನಾಲ್ಕು ಸಲ, ಅದೂ ಭಾನುವಾರವೇ, ಹೊಟ್ಟೆನೋವು ಬರುತ್ತಿತ್ತು. ಆ ನಾಲ್ಕು ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ. ಯಾರ ಮೇಲಾದರೂ ಮುನಿಸಿಟ್ಟುಕೊಂಡವರು ಆ ರೊಟ್ಟಿ, ಆ ದ್ರಾಕ್ಷಾರಸ ಮುಟ್ಟುವಂತಿಲ್ಲ. ಮೊದಲು ರಾಜಿಯಾಗಿ ಬರಬೇಕು. ದಾವೀದಪ್ಪ ಮೂರು ವರ್ಷದಿಂದ ರಾಜಿಯಾಗಿರಲಿಲ್ಲ. ಆದ್ದರಿಂದ ಹೊಟ್ಟೆ ನೋಯುತ್ತಿತ್ತು.

ಜಗಳ ಒಡಹುಟ್ಟಿದ ಅಣ್ಣನ ಜೊತೆ. ಅಣ್ಣ ಯೋಹಾನಪ್ಪ ಅದೇ ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವವನು. ಒಮ್ಮೆ ಆರಾಧನೆ ಮುಗಿಸಿ ಜನ ಹೊರಬೀಳುವಾಗ, ನಮ್ಮ ತಮ್ಮನ ಔಷಧದಲ್ಲಿ ನೀರೇ ಹೆಚ್ಚು ಎಂದುಬಿಟ್ಟ. ಜನ ನಕ್ಕರು. ಅಂದಿನಿಂದ ದಾವೀದಪ್ಪನ ಬಾಯಿಗೆ ಬೀಗ. ಅಣ್ಣನದೂ ಅದೇ ರಕ್ತ, ಅವನೂ ಬಿಗಿದುಕೊಂಡ.

ಒಂದೇ ಕೋಣೆಯ ಕೆಲಸ ಮಾತಿಲ್ಲದೆ ನಡೆಯುವುದು ಹೇಗೆ? ಔಷಧದ ಕಪಾಟು ತಮ್ಮನ ಕಡೆ, ಗಾಯದ ಮೇಜು ಅಣ್ಣನ ಕಡೆ, ನಡುವೆ ರೋಗಿಗಳು ಸಾಲಾಗಿ ಕೂರುವ ಉದ್ದನೆಯ ಬಾಂಕು. ಅಣ್ಣನಿಗೆ ಹತ್ತಿ ಬೇಕಾದರೆ ಬಾಂಕಿನ ಆ ತುದಿಯವನಿಗೆ ಹೇಳುವನು. ಮಾತು ಒಬ್ಬರಿಂದೊಬ್ಬರಿಗೆ ದಾಟಿ ಈ ತುದಿಗೆ ಬರುವುದು. ಹತ್ತಿ ಅದೇ ದಾರಿಯಲ್ಲಿ ಹೋಗುವುದು. ಕೆಮ್ಮಿನವರು, ಜ್ವರದವರು ಎಲ್ಲರೂ ಈ ಟಪಾಲಿನ ಕೆಲಸ ಕಲಿತಿದ್ದರು. ಇಷ್ಟಿದ್ದೂ ದಿನಾ ಬೆಳಿಗ್ಗೆ ರೋಗಿಗಳಿಗೆ ಹತ್ತು ನಿಮಿಷ ಉಪದೇಶ ಮಾಡುವವನು ದಾವೀದಪ್ಪನೇ. ಮೈಯ ಗಾಯದ ಹಾಗೆ ಊರಿನ ಜಗಳವನ್ನೂ ಮಾಯಿಸುವುದು ಕ್ರೈಸ್ತರ ಹೊಣೆ ಎಂದು ನಾಚಿಕೆಯಿಲ್ಲದೆ ಹೇಳುತ್ತಿದ್ದ.

ಐವತ್ತಾರರ ಅಕ್ಟೋಬರ್. ಕನ್ನಡ ನಾಡು ಒಂದಾಗಲು ಹದಿನೈದು ದಿನ ಉಳಿದಿತ್ತು. ಹಿಂಗಾರಿ ಜೋಳ ಬಿತ್ತಲು ನೆಲದ ಹಸಿ ಇನ್ನು ಮೂರೋ ನಾಲ್ಕೋ ದಿನ ಉಳಿಯುವಂಥದ್ದು. ಮುಶಿಗೇರಿಯ ಅಂದಾನಪ್ಪ, ತೋಟಪ್ಪ ಇಬ್ಬರಿಗೂ ಒಂದೊಂದೇ ಎತ್ತು. ಜೋಡಿ ಕಟ್ಟಿ ಇಬ್ಬರ ಹೊಲವನ್ನೂ ಬಿತ್ತುವುದು ವಾಡಿಕೆ. ಯಾರ ಹೊಲ ಮೊದಲು ಎಂಬ ಮಾತು ಬಡಿಗೆಗೆ ಹೋಗಿ ತೋಟಪ್ಪನ ತಲೆ ಒಡೆದಿತ್ತು, ಅಂದಾನಪ್ಪನ ಕೈ ಬಾತಿತ್ತು. ದವಾಖಾನೆಗೆ ಬಂಡಿ ಬೇಕು, ಬಂಡಿಗೆ ಎರಡೆತ್ತು ಬೇಕು. ಹೀಗಾಗಿ ಒಂದೇ ಬಂಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಬಂದಿಳಿದರು.

ಬಿತ್ತಿಗೆಯ ದಿನ, ಬೇರೆ ರೋಗಿ ಒಬ್ಬನೂ ಇರಲಿಲ್ಲ. ತೋಟಪ್ಪ ಅಣ್ಣನ ತುದಿಗೆ ಕೂತ, ಅಂದಾನಪ್ಪ ತಮ್ಮನ ತುದಿಗೆ. ಯೋಹಾನಪ್ಪ ಗಾಯ ತೊಳೆದು, ಅಯೋಡಿನ್ ಬೇಕಂತ ಹೇಳು ಎಂದು ತೋಟಪ್ಪನಿಗೆ ಹೇಳಿದ. ತನ್ನ ತಲೆ ಒಡೆದವನ ಜೊತೆ ಮಾತಾಡುವುದಿಲ್ಲ ಎಂದ ತೋಟಪ್ಪ. ದಾವೀದಪ್ಪನಿಗೆ ಎಲ್ಲ ಕೇಳಿಸಿತ್ತು. ಸೀಸೆ ತೆಗೆದು ಅಂದಾನಪ್ಪನತ್ತ ಚಾಚಿದರೆ ಅವನು ಮೋರೆ ತಿರುವಿದ. ತಾನೇ ಎದ್ದು ಹೋಗೋಣವೆಂದರೆ, ಬಾಂಕು ದಾಟಿದವನು ಸೋತವನು. ದಾವೀದಪ್ಪ ರೈತರ ಮೇಲೆ ರೇಗಿದ.

"ಒಂದ ಬಂಡ್ಯಾಗ ಬಂದೀರಿ. ಒಂದ ಮಾತ ಆಡಾಕ ಏನ್ರಿ ಧಾಡಿ?"

ಅಂದಾನಪ್ಪ ಸಾವಕಾಶ ಹೇಳಿದ: "ನೀವು ಒಂದ ಹೊಟ್ಯಾಗ ಬಂದೀರಲ್ರಿ, ಕಂಪೌಂಡರ್ ಸಾಹೇಬ್ರ."

ದಾವೀದಪ್ಪ ಬಾಂಕಿನ ಆ ತುದಿಯತ್ತ ನೋಡಿದ. ತೋಟಪ್ಪನ ಕಿವಿಯ ಹಿಂದಿನಿಂದ ರಕ್ತ ಇಳಿದು ಅಂಗಿ ನೆನೆಯುತ್ತಿತ್ತು. ದಾವೀದಪ್ಪನಿಗೆ ನಿಜಕ್ಕೂ ನಾಚಿಕೆಯಾಯಿತು. ಸೀಸೆ ಹಿಡಿದು ಬಾಂಕು ದಾಟಿದ.

"ತಗೋ, ಅಣ್ಣಾ."

ಯೋಹಾನಪ್ಪ ಸೀಸೆ ತೆಗೆದುಕೊಂಡ. "ತಲಿ ನೀ ಹಿಡಿ, ತಮ್ಮಾ" ಎಂದ. ಇಬ್ಬರೂ ಕೂಡಿ ಪಟ್ಟಿ ಕಟ್ಟಿದರು. ಕಣ್ಣಲ್ಲಿ ನೀರು ಬಂದದ್ದಕ್ಕೆ ದಾವೀದಪ್ಪ ಅಯೋಡಿನ್ ಘಾಟನ್ನು ಬೈದ.

ಅಂದಾನಪ್ಪ ಮೆತ್ತಗಾದ. ನಾಳೆ ತೋಟಪ್ಪನ ಹೊಲ ಮೊದಲಾಗಲಿ ಎಂದು ಅವನಿಗೆ ತಿಳಿಸುವಂತೆ ದಾವೀದಪ್ಪನನ್ನೇ ಕೇಳಿಕೊಂಡ.

"ಟಪಾಲ ಬಂದ್ ಆಗೇತ್ರಿ" ಎಂದ ದಾವೀದಪ್ಪ. "ನೀವ ಹೇಳ್ರಿ."

ಅಂದಾನಪ್ಪ ಗೋಡೆಯ ಕಡೆ ನೋಡುತ್ತ ಹೇಳಿದ. ಬಾತ ಕೈಯಲ್ಲಿ ಬಿತ್ತುವ ಕೂರಿಗೆ ಹೇಗೆ ಹಿಡಿಯುತ್ತೀ, ಎರಡೂ ಹೊಲಕ್ಕೆ ನಾನೇ ಹಿಡಿಯುತ್ತೇನೆ ಎಂದು ತೋಟಪ್ಪ ಗೊಣಗಿದ. ಹೋಗುವಾಗ ಇಬ್ಬರೂ ಎತ್ತುಗಳ ಕಡೆಗೇ ಮುಖ ಮಾಡಿ ಕೂತಿದ್ದರು.

ಮುಂದಿನ ಭಾನುವಾರ ಕರ್ತನ ಭೋಜನ. ಅಣ್ಣ-ತಮ್ಮ ಪಕ್ಕಪಕ್ಕದಲ್ಲೇ ಮೊಣಕಾಲೂರಿದರು. ಪಾದ್ರಿಗಳು ದ್ರಾಕ್ಷಾರಸದ ಬಟ್ಟಲು ಕೊಟ್ಟು ಮುಂದೆ ಸರಿದಾಗ ಯೋಹಾನಪ್ಪ ತಮ್ಮನ ಕಿವಿಯಲ್ಲಿ ಪಿಸುಗುಟ್ಟಿದ.

"ಇದರಾಗೂ ನೀರ ಭಾಳ ಐತಿ. ನೀನ ಬೆರಸೀಯೇನ?"

ಪಾದ್ರಿಗಳು ತಿರುಗಿ ಕಣ್ಣು ಬಿಟ್ಟರು. ದಾವೀದಪ್ಪ ಹೊಟ್ಟೆ ಹಿಡಿದುಕೊಂಡು ತಲೆ ತಗ್ಗಿಸಿದ. ನಗು ತಡೆದು ತಡೆದು, ಮೂರು ವರ್ಷದಲ್ಲಿ ಮೊದಲ ಸಲ, ಖರೇನೇ ಹೊಟ್ಟೆ ನೋಯುತ್ತಿತ್ತು.