ಮಗುವಾಗಿ ಕೂತ ಆಯಾ

"ಏಯ್, ಮಗು ಹಿಂಗಾ ಅಳೋದು? ಹೆಣದ ಮುಂದೆ ಕೂತಂಗೆ ಅಳ್ತೀಯಲ್ಲ. ಕಾಲು ಬಡಿ."

ತರಬೇತಿ ಮೇಡಂ ಗದರಿದ ಮೇಲೆ ಆಯಾ ಚಾಪೆಯ ಮೇಲೆ ಕಾಲು ಬಡಿದಳು. ಮಂಡಿ ಲಟಕ್ಕೆಂದಿತು. ಮೊಮ್ಮಗನನ್ನು ಕಂಡ ಮುದುಕಿ ತಾನೇ ಕೂಸಾಗಿ ಕೂತದ್ದಕ್ಕೆ ಅವಳಿಗೇ ನಗು ಬರುತ್ತಿತ್ತು. ಶಿಶುಪಾಲನಾ ಕೇಂದ್ರದಲ್ಲಿ ಮುಕ್ಕಾಲು ಆಯಸ್ಸು ಮಕ್ಕಳ ಕುಂಡಿ ತೊಳೆದದ್ದಕ್ಕೆ ಕೊನೆಗೂ ಮಗುವಾಗಿ ಬಡ್ತಿ ಸಿಕ್ಕಿತ್ತು. "ಅಕ್ಷರ ಬರದ ನಿನಗ್ಯಾಕೆ ತರಬೇತಿ? ಹೆಂಗೂ ನಾಳೆಯಿಂದ ಕಸಾನೂ ಗುಡಿಸೋಳು ನೀನು. ಇವತ್ತು ಮಗು ಆಗು" ಎಂದು ಮೇಡಂ ಬೆಳಿಗ್ಗೆಯೇ ತೀರ್ಮಾನಿಸಿದ್ದಳು.

ಪಾಠಕ್ಕಾಗಿ ಈ ಮಗುವನ್ನು ಸಮಾಧಾನ ಮಾಡಿ ತೋರಿಸಬೇಕಾದವಳು ಆಯಾಳ ಸೊಸೆ. ಅದೇ ಕೇಂದ್ರದಲ್ಲಿ ದಿನಗೂಲಿ. ಇವತ್ತು ಪಾಸಾದರೆ ಕೆಲಸ ಕಾಯಂ. ಪಾಠ ಮುಗಿಯುವ ಮುಂಚೆ ಕೋಣೆ ಬಿಟ್ಟು ಎದ್ದರೆ ಸೀದಾ ಮನೆಗೆ. ಆಯಾಳ ಮಗ ಹೆಂಡತಿಯನ್ನೂ ಮಗುವನ್ನೂ ಬಿಟ್ಟು ಹೋದ ಮೇಲೆ ಇವರಿಬ್ಬರ ದುಡಿಮೆಯಲ್ಲೇ ಆ ಮನೆಯ ಒಲೆ ಉರಿಯುತ್ತಿತ್ತು.

"ಯಾಕೆ ಕಂದಾ ಅಳ್ತಿದ್ದೀಯ?" ಸೊಸೆ ಅತ್ತೆಯ ಗಲ್ಲ ಹಿಡಿದಳು.

ಮನೆಯಲ್ಲಿ ಮುಖ ಕೊಟ್ಟು ಮಾತಾಡದವಳ ಬಾಯಲ್ಲಿ ಕಂದಾ ಅನ್ನಿಸಿಕೊಂಡು ಆಯಾಗೆ ನಿಜಕ್ಕೂ ಹಿತವಾಯಿತು. ಇಷ್ಟು ಮುದ್ದು ಸಿಗುವುದಾದರೆ ಮೊದಲೇ ಅಳಬಹುದಿತ್ತು ಎಂದುಕೊಂಡಳು.

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ನಿಜವಾದ ಮಗು ಅತ್ತಿತು. ಹೆಂಗಸರೆಲ್ಲ ತರಬೇತಿಗೆ ಕೂತಿದ್ದರಿಂದ ಮಕ್ಕಳ ಹತ್ತಿರ ಗೇಟಿನ ಕಾವಲುಗಾರನನ್ನು ಬಿಟ್ಟಿದ್ದರು. "ಬಾಯಿ ಮುಚ್ಚೋ ಬಡ್ಡಿಮಗನೆ" ಎಂಬ ಅವನ ದನಿ ಕೇಳಿತು, ಹಿಂದೆಯೇ ಏಟಿನ ಸದ್ದು. ಅಳು ಏರಿತು. ಸೊಸೆಯ ಕೈ ಅಲ್ಲೇ ನಿಂತಿತು.

"ಮೇಡಂ, ಅದು ನನ್ ಮಗ."

"ಈಗ ನಿನ್ನ ಮಗು ಇಲ್ಲಿ ಕೂತಿದೆ. ಯಾರಾದ್ರೂ ಚಿಲಕ ಹಾಕ್ರೇ, ಪಾಠ ಕೆಡ್ತಿದೆ." ಚಿಲಕ ಬಿದ್ದ ಮೇಲೆ ಮೇಡಂ ಮುಂದುವರಿಸಿದಳು, "ಇನ್ಮೇಲೆ ಅಡುಗೆಯವಳು, ಆಯಾ, ಗುಡಿಸೋಳು ಅಂತ ಬೇರೆ ಬೇರೆ ಇಲ್ಲ. ಇಲ್ಲಿನವರನ್ನೇ ಸೇರಿಸಿ ನುರಿತ ಒಂದು ತಂಡ ಮಾಡ್ತಿದ್ದೀವಿ."

"ಮೂರು ಕೆಲಸ, ಒಂದು ಸಂಬಳ," ಕೇಂದ್ರದ ಅಡುಗೆಯವಳು ಗೊಣಗಿದಳು.

ಸೊಸೆ ಅತ್ತೆಯ ಬೆನ್ನು ತಟ್ಟತೊಡಗಿದಳು. "ಅತ್ತೆ, ಏನ್ ಮಾಡ್ಲಿ?" ಎಂದು ಕಿವಿಯಲ್ಲಿ ಕೇಳಿದಳು.

"ನೀನು ಏಳ್ಬೇಡ ಕಣೆ. ಹೆಂಗೂ ಮಗು ನಾನು."

ಆಯಾ ಅಂಬೆಗಾಲಿಟ್ಟು ಬಾಗಿಲ ಕಡೆ ಹೊರಟಳು. ಸೀರೆ ಮಂಡಿಗೆ ಸಿಕ್ಕಿ ಮುಗ್ಗರಿಸಿದಾಗ ಕೋಣೆಯೆಲ್ಲ ಗೊಳ್ಳೆಂದಿತು. ಅವಳೂ ಹಲ್ಲು ಕಿರಿದಳು. "ಈಗ ಸರಿಯಾಗಿ ಮಾಡ್ತಿದ್ದಾಳೆ ನೋಡ್ರಿ," ಎಂದು ಮೇಡಂ ಕೂಡ ನಕ್ಕಳು. ಆಯಾ ಮಂಡಿಯೂರಿ ಕೈ ಚಾಚಿ ಚಿಲಕ ತೆಗೆಯುವವರೆಗೂ ಅವಳ ಉದ್ದೇಶ ಯಾರಿಗೂ ಹೊಳೆಯಲಿಲ್ಲ.

ಕೆನ್ನೆಯಲ್ಲಿ ಬೆರಳಿನ ಬಾಸುಂಡೆ ಹೊತ್ತ ಕೂಸು ಕಾವಲುಗಾರನಿಂದ ತಪ್ಪಿಸಿಕೊಂಡು ತಟ್ಟಾಡುತ್ತ ಒಳಗೆ ಬಂದು ಅಮ್ಮನ ಕಡೆ ಕೈ ಚಾಚಿತು. ಮೇಡಂ ನಡುವೆ ನುಗ್ಗಿ ಅದರ ರಟ್ಟೆ ಹಿಡಿದು ಹೊರಗೆಳೆದಳು.

"ತರಬೇತಿ ಕೋಣೇಲಿ ಮಕ್ಕಳಿಗೆ ಪ್ರವೇಶ ಇಲ್ಲ."

ಆಯಾ ನೆಲದಿಂದಲೇ ಅವಳ ಮಣಿಕಟ್ಟಿಗೆ ಬಾಯಿ ಹಾಕಿದಳು. ಉಳಿದ ಅರೆಬರೆ ಹಲ್ಲಿನ ಮೇಲೆ ಅವಳಿಗೆ ಅಷ್ಟೇನೂ ನಂಬಿಕೆ ಇರಲಿಲ್ಲ, ಆದರೂ ಹಿಡಿತ ಸಿಕ್ಕಿತು. ಮೇಡಂ ಕಿರುಚಿ ಕೂಸನ್ನು ಬಿಟ್ಟಳು. ಅದು ಓಡಿಬಂದು ಬಿದ್ದದ್ದು ಸೊಸೆಯ ಮಡಿಲಿಗೆ. ಅವಳು ಕೂತಲ್ಲಿಂದ ಎದ್ದಿರಲಿಲ್ಲ.

"ಬಿಡಿಸ್ರೇ, ಮುಂಡೇವಾ, ನೋಡ್ತಾ ಕೂತಿದ್ದೀರಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ಅಡುಗೆಯವಳು ಕೈಕಟ್ಟಿಕೊಂಡು ನಿಧಾನಕ್ಕೆ ಹೇಳಿದಳು, "ಮಗು ಕಚ್ಚಿದ್ರೆ ಏನ್ ಮಾಡ್ಬೇಕು ಅಂತ ನೀವಿನ್ನೂ ಹೇಳಿಕೊಟ್ಟಿಲ್ಲ ಮೇಡಂ."

ಆಯಾ ಬಿಡಲಿಲ್ಲ.