ಬ್ರೋಶಾರ್‌ನ ಇನ್ನೊಂದು ಕೃತಿ

ಅಮೂಲ್ಯಾಳಿಗೆ ಬ್ರೋಶಾರ್‌ನ ಹುಚ್ಚು ಹತ್ತಿದ್ದು ಲಂಡನ್ನಿನ ಸಂಗೀತ ಕಾಲೇಜಿನಲ್ಲಿ. ಫ್ರಾನ್ಸಿನ ಒಂದು ಚರ್ಚಿನಲ್ಲಿ ಜೀವಮಾನವಿಡೀ ಆರ್ಗನ್ ನುಡಿಸಿ ಸತ್ತವನು ಅವನು. ಅವನು ರಚಿಸಿದ್ದರಲ್ಲಿ, ಮದುವೆ ಮುಗಿದು ಜೋಡಿ ಹೊರಬರುವಾಗ ನುಡಿಸುವ ಅಬ್ಬರದ ಆರ್ಗನ್ ತುಣುಕೊಂದೇ ಜನಕ್ಕೆ ಗೊತ್ತು. ಯುದ್ಧದಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡ ಮೇಲೆ ಬರೆದ ಹಾಡುಗಳು, ಪಿಯಾನೋ ಜೊತೆ ನಾಲ್ಕು ತಂತಿವಾದ್ಯಗಳ ದೊಡ್ಡ ಕೃತಿ, ಇವನ್ನೆಲ್ಲ ಯಾರೂ ಮುಟ್ಟುವುದಿಲ್ಲ ಎಂದು ಅವಳು ಇಂಗ್ಲಿಷಿನಲ್ಲೇ ಸಿಟ್ಟಾಗುವಳು.

ಲಂಡನ್ನಿನ ಅಂಚಿನ ಇಲ್ಫರ್ಡಿನ ಮನೆಯಲ್ಲಿ ಆ ಕೃತಿಯ ಪಿಯಾನೋ ಭಾಗವನ್ನು ಅಭ್ಯಾಸ ಮಾಡುತ್ತ ನಡುನಡುವೆ ಕೈಕಟ್ಟಿ ಕೂತುಬಿಡುವಳು. ತಾಯಿ ರಜನಿ ಅಡುಗೆಮನೆಯಿಂದ, "ಯಾಕ ನಿಂತಿ? ಬಾರಸೂದಿದ್ರ ಬಾರ್ಸು, ಇಲ್ಲಾ ಊಟಕ್ಕ ಬಾ" ಎನ್ನುವಳು.

೨೦೦೧ರಲ್ಲಿ ಅಮೂಲ್ಯಾಳಿಗೆ ರಕ್ತದ ಕ್ಯಾನ್ಸರ್ ಬಂತು. ಮರುವರ್ಷದ ಬೇಸಿಗೆ ಹೊತ್ತಿಗೆ ಹುಡುಗಿ ಹಾಸಿಗೆ ಬಿಟ್ಟು ಏಳಲಾರದಾದಳು. "ಅಮ್ಮಾ, ಫ್ಯೂನರಲ್‌ಗೆ ಆ ಮದುವೆ ಪೀಸ್ ಮಾತ್ರ ಬೇಡ" ಎಂದಳು. ರಜನಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

ಅವಳು ತೀರಿಕೊಂಡಾಗ ಚಿತಾಗಾರದಲ್ಲಿ ಯಾರೋ ಗೆಳೆಯರು, ಅವಳಿಗೆ ಬ್ರೋಶಾರ್ ಇಷ್ಟ ಎಂದು ಸಿಬ್ಬಂದಿಗೆ ಹೇಳಿದ್ದರು. ಅವರ ಬಳಿ ಧ್ವನಿಮುದ್ರಣವಿದ್ದುದು ಆ ಮದುವೆ ತುಣುಕಿನದು ಮಾತ್ರ. ಮಗಳ ಪೆಟ್ಟಿಗೆ ಪರದೆಯ ಹಿಂದೆ ಸರಿದದ್ದು ಆ ಅಬ್ಬರದಲ್ಲೇ. ನಿಲ್ಲಿಸಿ ಎನ್ನಲು ರಜನಿ ಏಳುವಷ್ಟರಲ್ಲಿ ಪರದೆ ಮುಚ್ಚಿತ್ತು.

ಮುಂದಿನ ಚಳಿಗಾಲದಲ್ಲಿ ಅಮೂಲ್ಯಾಳ ಸಹಪಾಠಿಗಳು ಚರ್ಚ್ ಹಾಲೊಂದರಲ್ಲಿ ಪಿಯಾನೋ, ತಂತಿವಾದ್ಯಗಳ ಆ ದೊಡ್ಡ ಕೃತಿಯನ್ನು ನುಡಿಸಿದರು. ಪಿಯಾನೋಗೆ ಬೇರೊಬ್ಬ ಹುಡುಗಿ ಕೂತಳು. ಕುರ್ಚಿಗಳು ಮುಕ್ಕಾಲುಪಾಲು ಖಾಲಿ. ರಜನಿಯ ಗಂಡ ಡಾಕ್ಟರ್ ಸತ್ಯಪ್ರಕಾಶ ಮೈಸೂರಿನ ಮೆತ್ತನೆಯ ದನಿಯಲ್ಲಿ, "ನನ್ ಕೈಲಾಗಲ್ಲ ರಜನಿ, ಕಾರಲ್ಲಿರ್ತೀನಿ" ಎಂದು ಎದ್ದು ಹೋದ.

ರಜನಿ ಕೂತಳು. ಪಿಯಾನೋ ನಿಂತಲ್ಲೆಲ್ಲ ಆ ನಾಲ್ಕು ವಾದ್ಯಗಳು ಒಂದರ ಮೇಲೊಂದು ಏಳುತ್ತಿದ್ದವು. ಮನೆಯಲ್ಲಿ ಅಭ್ಯಾಸದ ನಡುವೆ ಕೈಕಟ್ಟಿದಾಗ ಮಗಳು ದಣಿದು ಕೂತಿರಲಿಲ್ಲ. ಇವನ್ನು ಮನಸ್ಸಿನಲ್ಲೇ ಕೇಳುತ್ತಿದ್ದಳು. ಅದು ತಿಳಿದದ್ದರಿಂದ ಸಮಾಧಾನವೇನೂ ಆಗಲಿಲ್ಲ.

ಮುಗಿದ ಮೇಲೆ ಚೆಲ್ಲೋ ಎಂಬ ದೊಡ್ಡ ತಂತಿವಾದ್ಯ ನುಡಿಸಿದ ಹೆಲೆನ್‌ಳನ್ನು, ಮತ್ತೆ ಯಾವಾಗ ನುಡಿಸುತ್ತೀರಿ ಎಂದು ಕೇಳಿದಳು.

ಹೆಲೆನ್ ವಾದ್ಯವನ್ನು ಚೀಲಕ್ಕೆ ಹಾಕುತ್ತಿದ್ದಳು. "ನಾವೆಲ್ಲ ಬೇರೆ ಬೇರೆ ಊರಿಗೆ ಹೊರಟಿದ್ದೇವೆ. ಇದಕ್ಕೆ ಯಾರೂ ಕರೆಯುವುದಿಲ್ಲ, ಮಿಸೆಸ್ ಸತ್ಯಪ್ರಕಾಶ್."

ರಜನಿ ಕಾರಿಗೆ ಬಂದಳು. ಸತ್ಯಪ್ರಕಾಶ ಗಾಡಿ ಹೊರಡಿಸಿದ. ಆಮೇಲೆ ಎಷ್ಟೋ ವರ್ಷ ಅವಳು ಸಂಗೀತ ಕಾರ್ಯಕ್ರಮಗಳ ಪಟ್ಟಿಗಳಲ್ಲಿ ಬ್ರೋಶಾರ್‌ನ ಹೆಸರು ಹುಡುಕಿದಳು. ಸಿಕ್ಕಿದ್ದು ಬರೀ ಆ ಮದುವೆಯ ಆರ್ಗನ್ ತುಣುಕು.