ತಂಬೂರಿಯ ಮಣಿ

ಕನ್ನಡಿಯ ಮೇಲೆ ಯಾರೋ ಮದುಮಗಳು ಅಂಟಿಸಿ ಮರೆತ ಕೆಂಪು ಬಿಂದಿ, ಅದರ ಕೆಳಗೆ ಪ್ರತಿಬಿಂಬದಲ್ಲಿ ಅಕ್ಕನ ಬೆರಳು, ಬೆರಳ ತುದಿಯಲ್ಲಿ ತಂಬೂರಿಯ ಮಣಿ — ಸೆರಗಿಗೆ ಪಿನ್ನು ಹಾಕುತ್ತಿದ್ದ ಯಮುನಾ ಹಾಗೇ ನಿಂತಳು, ಪಿನ್ನು ಹೆಬ್ಬೆರಳಿಗೆ ಚುಚ್ಚಿತು, ಚುಚ್ಚಲಿ, ಈಗಷ್ಟೇ ತಾನೇ ಕೂತು ತಂತಿಗಳನ್ನೆಲ್ಲ ಸೇರಿಸಿ ಎದ್ದದ್ದಲ್ಲವೇ, ಸೇರಿದ ಶ್ರುತಿಯ ಮಣಿಯನ್ನು ಅಕ್ಕ ಯಾಕೆ ಮುಟ್ಟಬೇಕು, ಅದೂ ಎತ್ತಲೋ ನೋಡುತ್ತಾ, ಎಳ್ಳಿನಷ್ಟು ಕೆಳಗೆ, ಮತ್ತೆ ಎಳ್ಳಿನಷ್ಟು. ಮಣಿ ಕೆಳಗಿಳಿದರೆ ಸ್ವರ ಏರುತ್ತದೆ, ಅಂದರೆ ತಾನು ಸೇರಿಸಿದ್ದು ಇಳಿದಿತ್ತು, ಇವತ್ತಷ್ಟೇ ಇಳಿದಿತ್ತೋ, ಯಾವಾಗಲೂ ಹೀಗೆಯೋ — ಬಾಗಿಲಾಚೆ ಅಮ್ಮತ್ತಿ ಊರಿನ ಜನ ಕಲ್ಯಾಣಮಂಟಪದ ಕುರ್ಚಿ ಎಳೆಯುವ ಸದ್ದು, ಮೃದಂಗದ ಸಿದ್ಧಾರ್ಥ ಕೂಗುತ್ತಾನೆ, ಯಮುನಕ್ಕಾ ಶ್ರುತಿ ಆಯ್ತಾ, ನಾನೂ ಸೇರಿಸ್ಕೊಳ್ಬೇಕು, ಆಯ್ತು ಮಾರಾಯ ಒಂದು ನಿಮಿಷ ಅಂದದ್ದು ಅವಳಲ್ಲ, ಅಕ್ಕ. ಎರಡು ವರ್ಷದ ಹಿಂದೆ ಜ್ವರ ಬಿಟ್ಟ ಮೇಲೆ ಎಡಗಿವಿ ಒಂದು ಸ್ವರ ಬಲಗಿವಿ ಒಂದು ಸ್ವರ ಹೇಳತೊಡಗಿದ್ದು ತನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದಳು, ನರ ಸೋತಿದೆ, ಇನ್ನು ಮರಳೋದಿಲ್ಲಮ್ಮ ಎಂದಿದ್ದರು ಮೈಸೂರಿನ ಡಾಕ್ಟರು, ಮನೆಗೆ ಬಂದು ಕಿವೀಲಿ ಗುಗ್ಗೆ ಅಂತೆ ಅಕ್ಕ ಎಂದು ನಕ್ಕುಬಿಟ್ಟಿದ್ದಳು, ಅಕ್ಕನೂ ನಕ್ಕಿದ್ದಳು. ವೇದಿಕೆಯಲ್ಲಿ ತಂಬೂರಿ ಒಂದು ಕೂದಲೆಳೆ ಏರಿದಂತೆ ಕೇಳಿಸಿದಾಗಲೆಲ್ಲ ಚಳಿಗೆ ತಂತಿ ಬಿಗಿದಿರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡು ಅದರ ಜೊತೆಗೇ ಹಾಡಿದ್ದಳು. ಚಳಿಯಂತೆ ಚಳಿ.

ಮಾದಾಪುರದ ಕಾಫಿ ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರು, ಹಣ್ಣಿನ ಪಿಕಿಂಗ್ ಮುಗಿಸಿ ಬಂದು ಕೈ ತೊಳೆದು ಇಬ್ಬರನ್ನೂ ಕೂರಿಸಿ ಹಾಡಿಸುತ್ತಿದ್ದರು, ಬೆರಳಲ್ಲಿ ಕಾಫಿಹಣ್ಣಿನ ಅಂಟು ಇನ್ನೂ ಇರುತ್ತಿತ್ತು, ಮಾಲತಿಗೆ ಕಿವಿ ಚೆಂದ, ಯಮುನಂಗೆ ಗಂಟಲು ಚೆಂದ, ಕಛೇರಿಗೆ ಗಂಟಲೇ ಬೇಕು ಕೂಸೇ — ಅಷ್ಟೇ, ಅಕ್ಕನ ಮಡಿಲಿಗೆ ತಂಬೂರಿ ಬಂತು, ಅವತ್ತಿನಿಂದ ಅವಳು ಬೆನ್ನ ಹಿಂದೆ, ಬೆನ್ನಿಗೆ ಕಣ್ಣಿದೆಯೇ. ಮೀಟೋದಷ್ಟೇ ನಿನ್ನ ಕೆಲಸ, ಮಣಿ ಮುಟ್ಟಬೇಡ, ಶ್ರುತಿ ಸೇರಿಸೋದು ಹಾಡುವವಳು ಎಂದು ತಾನೇ ಎಷ್ಟು ಸಲ ಗದರಿದ್ದಾಳೆ, ಜನರೆದುರೂ ಗದರಿದ್ದಾಳೆ, ಅಕ್ಕ ಹೂಂ ಅಂದಿದ್ದಾಳೆ. ಹೋದ ವರ್ಷ ಮಡಿಕೇರಿಯಲ್ಲಿ ತನಗೆ ಶಾಲು ಹೊದಿಸಿ ಶ್ರುತಿಶುದ್ಧ ಗಾಯನ ಅಂದರಲ್ಲ, ಆ ಶಾಲನ್ನು ಮಡಚಿ ಬೀರುವಿನಲ್ಲಿಟ್ಟವಳೂ ಅಕ್ಕನೇ, ಮಡಚುವಾಗ ನಕ್ಕಳೇ, ಅತ್ತಳೇ, ನೋಡಿದ್ದರೆ ತಾನೇ ಗೊತ್ತಾಗುವುದು. ಸಿಟ್ಟು ಬರುತ್ತದೆ, ನನ್ನನ್ನು ಕುರುಡಿಯ ಹಾಗೆ ಕೈಹಿಡಿದು ನಡೆಸುತ್ತಿದ್ದೀಯಲ್ಲ ಎಂದು ಕೇಳಬೇಕು, ಕೇಳಿದರೆ ಮುಗಿಯಿತು, ಕಿವಿ ಹೋದವಳು ವೇದಿಕೆ ಹತ್ತುವ ಹಾಗಿಲ್ಲ, ಇವತ್ತಿನದೇ ಕೊನೆ, ಇವತ್ತಿನದೂ ಇಲ್ಲ, ಹಾಡಿಲ್ಲದೆ ಬದುಕುವುದು ಹೇಗೆಂದು ಅವಳಿಗೆ ಯಾರೂ ಕಲಿಸಿಲ್ಲ. ಅಕ್ಕಾ, ನೀರು ಕುಡಿದು ಬರ್ತೇನೆ, ನೀನೊಮ್ಮೆ ಶ್ರುತಿ ನೋಡಿಕೋ. ಕನ್ನಡಿಯಲ್ಲಿ ಬೆರಳು ನಿಂತಿತು. ನಾ ಎಂತ ನೋಡುದು, ನೀನೇ ಸೇರಿಸಿದ್ದಲ್ವಾ, ಸರಿ ಉಂಟು. ಆದರೂ ನೋಡಿಕೋ ಅಕ್ಕ.

ಹೊರಗೆ ಬಂದು ಬಾಗಿಲೆಳೆದು ಗೋಡೆಗೆ ಒರಗಿದಳು, ನೀರಿನ ಲೋಟ ಕೈಯಲ್ಲೇ ಇದೆ, ಒಳಗೆ ತಂಬೂರಿ ಮಿಡಿಯಿತು, ಏರಿತು, ಇನ್ನೊಂದಿಷ್ಟು ಏರಿತು, ಅಯ್ಯೋ ಸಾಕು ಅಕ್ಕ, ತಪ್ಪುತ್ತಿದೆ, ಪೂರಾ ತಪ್ಪಿತು, ಹುಳಿಯಾದ ಹಾಲಿನ ಹಾಗೆ ಒಡೆದೇ ಹೋಯಿತು — ಅಷ್ಟರಲ್ಲಿ ಸಿದ್ಧಾರ್ಥ ಮೃದಂಗ ತಟ್ಟಿ ಕಣ್ಣುಮುಚ್ಚಿ ತಲೆದೂಗಿದ, ಹಾಂ, ಈಗ ಸೇರ್ತು ನೋಡಿ ಯಮುನಕ್ಕಾ, ಎಷ್ಟು ಚೆಂದ. ಹೌದು, ಚೆಂದ, ಅಂದಳು, ಕಣ್ಣು ಮುಚ್ಚಿದಳು, ಕೆಂಪು ಬಿಂದಿ, ಅದರ ಕೆಳಗೆ ಬೆರಳು, ಎಳ್ಳಿನಷ್ಟು ಜರುಗುವ ಮಣಿ, ಅಕ್ಕನ ಬೆರಳು, ಮಣಿ